ಮನೆಯಂಗಳ: ಕೇಪಳಕ್ಕೆ ಒಂದು ಮೂಲೆ ಬಿಡಿ



ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ಕೇಳಿದ ಪ್ರಶ್ನೆಯಿಂದಲೇ ಈ ತಿಂಗಳ ಮಾತು ಆರಂಭಿಸೋಣ. "ಅಂಗಳದ ತುಂಬ ಕುಂಡಗಳಿವೆ, ಹೂವೂ ಬಿಡುತ್ತವೆ. ಆದರೆ ಚಿಟ್ಟೆ ಮಾತ್ರ ಒಂದೂ ಬರುವುದಿಲ್ಲ. ಮಗಳಿಗೆ ಶಾಲೆಯಲ್ಲಿ ಚಿಟ್ಟೆಗಳ ಬಗ್ಗೆ ಬರೆದು ತರಲು ಹೇಳಿದ್ದಾರೆ. ಯಾವ ಗಿಡ ಕೊಂಡು ತರಬೇಕು?" ಎಂದು ಅವರು ವಿಚಾರಿಸಿದರು. ಕೊಂಡು ತರುವ ಅಗತ್ಯವೇ ಇಲ್ಲ, ನಿಮ್ಮ ಮನೆಯ ಹಿಂದಿನ ಗುಡ್ಡದಲ್ಲೇ ಇದೆ ಎಂದು ನಾವು ಹೇಳಿದೆವು. ಅವರು ನಂಬಿದಂತೆ ಕಾಣಲಿಲ್ಲ. ಕೊಡುವ ಹಣಕ್ಕೆ ತಕ್ಕ ಬೆಲೆ ಗಿಡಕ್ಕೂ ಇರಬೇಕೆಂದು ನಾವೆಲ್ಲ ನಂಬಿಬಿಟ್ಟಿದ್ದೇವೆ. ಬಿಟ್ಟಿ ಸಿಕ್ಕಿದ ಗಿಡ ಕಾಡುಗಿಡ, ಕೊಂಡದ್ದು ಹೂಗಿಡ!

ನಾವು ಹೇಳಿದ್ದು ಕೇಪಳದ ಬಗ್ಗೆ. ಕಾಸರಗೋಡಿನ ಈ ಕಡೆ ಕೇಪಳ ಎಂದರೆ ಸಾಕು, ಎಲ್ಲರಿಗೂ ಗೊತ್ತು. ತುಳುವಿನಲ್ಲಿ ಕೇಪುಳ. ಘಟ್ಟದ ಮೇಲಿನ ಕನ್ನಡದವರು ಕಿಸುಕಾರೆ, ಕಿಸ್ಕಾರ ಎಂದೂ ಕರೆಯುತ್ತಾರೆ. ಮಲಯಾಳದಲ್ಲಿ ಚೆತ್ತಿ, ತೆಚ್ಚಿ. ಕಣ್ಣೂರಿನ ಕಡೆಯವರ ಬಾಯಲ್ಲಿ ಚೆಕ್ಕಿ. ತಮಿಳರಿಗೆ ಇದು ವೆಟ್ಚಿ. ಹೊಸೂರು, ತಾಳವಾಡಿಯ ನಮ್ಮ ಓದುಗರ ಮಕ್ಕಳು ತಮಿಳು ಪಾಠದಲ್ಲಿ ಈ ಹೆಸರನ್ನು ಕಂಡಿರಬಹುದು. ತೊಲ್ಕಾಪ್ಪಿಯಂ ಎಂಬ ಹಳೆಯ ವ್ಯಾಕರಣ ಗ್ರಂಥದಲ್ಲಿ ಯುದ್ಧದ ಪ್ರಸಂಗಗಳಿಗೆ ಒಂದೊಂದು ಹೂವಿನ ಹೆಸರಿದೆ. ಶತ್ರುವಿನ ದನಗಳನ್ನು ಹೊಡೆದುಕೊಂಡು ಬರಲು ಹೊರಡುವ ಮೊದಲ ಪ್ರಸಂಗಕ್ಕೆ ವೆಟ್ಚಿಯ ಹೆಸರು. ಆ ವೀರರು ಇದೇ ಕೆಂಪು ಹೂವನ್ನು ಮುಡಿಯುತ್ತಿದ್ದರಂತೆ. ನಮ್ಮ ಕಡೆ ತೆಯ್ಯಂ ಅಲಂಕಾರದಲ್ಲಿಯೂ ನಾಗಬನದ ಪೂಜೆಯಲ್ಲಿಯೂ ಕೇಪಳಕ್ಕೆ ಸ್ಥಾನವಿದೆ. ಓಣಂ ಬಂದರೆ ನೆರೆಮನೆಯ ಪೂಕಳಂನಲ್ಲಿ ಕೆಂಪು ಬಣ್ಣ ಬೇಕಾದ ಕಡೆಗೆಲ್ಲ ಇದೇ ಹೂವು. ಒಂದೇ ಗಿಡವನ್ನು ಇಷ್ಟೊಂದು ಭಾಷೆಯವರು, ಇಷ್ಟೊಂದು ನಂಬಿಕೆಯವರು ತಮ್ಮದೆಂದು ಹೇಳಿಕೊಳ್ಳುತ್ತಾರೆ.

ವಿಜ್ಞಾನದ ಹೆಸರು ಇಕ್ಸೋರಾ ಕಾಕ್ಸಿನಿಯಾ. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಇಟ್ಟ ಹೆಸರು. ಇದರಲ್ಲೊಂದು ಸ್ವಾರಸ್ಯವಿದೆ. ಪೋರ್ಚುಗೀಸರು 'ಶ' ಉಚ್ಚಾರಕ್ಕೆ ಎಕ್ಸ್ ಅಕ್ಷರ ಬರೆಯುತ್ತಾರೆ. ಗೋವಾದ ನಮ್ಮ ಬಂಧುಗಳು ರೋಮನ್ ಲಿಪಿಯಲ್ಲಿ ಕೊಂಕಣಿ ಬರೆಯುವಾಗ ಇಂದಿಗೂ 'ಶಾಂತಿ' ಪದವನ್ನು ಎಕ್ಸ್‌ನಿಂದಲೇ ಆರಂಭಿಸುತ್ತಾರೆ. ಹಾಗೆ ಓದಿದರೆ ಇಕ್ಸೋರಾ ಎಂಬುದು 'ಇಶೋರ' ಆಗುತ್ತದೆ, ಅಂದರೆ ಈಶ್ವರ. ಈಶ್ವರನಿಗೆ ಅರ್ಪಿಸುವ ಹೂವೆಂದು ಕೇಳಿದ ಪೋರ್ಚುಗೀಸರು ಹಾಗೆ ಬರೆದುಕೊಂಡರು, ಯುರೋಪಿನವರು ಅದನ್ನೇ 'ಇಕ್ಸೋರಾ' ಎಂದು ಓದಿದರು. ಕಾಕ್ಸಿನಿಯಾ ಎಂದರೆ ಲ್ಯಾಟಿನ್ನಿನಲ್ಲಿ ಕಡುಗೆಂಪು.

ಲಿನೇಯಸ್‌ಗಿಂತ ಮುಂಚೆಯೇ ಈ ಗಿಡದ ಚಿತ್ರ ಅಚ್ಚಾಗಿತ್ತು. ಕೊಚ್ಚಿಯ ಡಚ್ ಅಧಿಕಾರಿಯಾಗಿದ್ದ ವಾನ್ ರೀಡ್ ಮಲಬಾರಿನ ಸಸ್ಯಗಳ ಬಗ್ಗೆ 'ಹೋರ್ತುಸ್ ಮಲಬಾರಿಕುಸ್' ಎಂಬ 12 ಸಂಪುಟಗಳ ದೊಡ್ಡ ಗ್ರಂಥ ಮಾಡಿಸಿದರು. 1678ರಿಂದ 1693ರವರೆಗೆ ಆಮ್ಸ್ಟರ್‌ಡಾಮಿನಲ್ಲಿ ಅದು ಮುದ್ರಣವಾಯಿತು. ಅದರ ಎರಡನೆಯ ಸಂಪುಟದಲ್ಲಿ ನಮ್ಮ ಕೇಪಳ 'ಚೆತ್ತಿ' ಎಂಬ ಹೆಸರಿನಿಂದಲೇ ಇದೆ. ಈ ಕೆಲಸದ ಆರಂಭಕ್ಕೆ ನೆರವಾದವರು ಇಟಲಿಯ ಒಬ್ಬ ಕಾರ್ಮೆಲೈಟ್ ಗುರುಗಳು, ಸಂತ ಜೋಸೆಫರ ಮ್ಯಾಥ್ಯೂ. ಡಚ್ಚರು ಪ್ರೊಟೆಸ್ಟೆಂಟರು, ಕಥೋಲಿಕ ಪೋರ್ಚುಗೀಸರನ್ನು 1663ರಲ್ಲಿ ಕೊಚ್ಚಿಯಿಂದ ಹೊರಹಾಕಿದವರು. ಆದರೂ ಗಿಡಮೂಲಿಕೆಯ ವಿಷಯದಲ್ಲಿ ಡಚ್ ಅಧಿಕಾರಿ ಒಬ್ಬ ಕಥೋಲಿಕ ಗುರುವಿನ ಜೊತೆ ಕುಳಿತು ಮಾತನಾಡಿದರು. ಮುಂದೆ ಚೇರ್ತಲ ಕಡೆಯ ಈಳವ ವೈದ್ಯ ಇಟ್ಟಿ ಅಚ್ಯುತನ್ ಅವರೂ, ಕೊಂಕಣಿ ಮಾತಾಡುವ ಮೂವರು ಬ್ರಾಹ್ಮಣ ಪಂಡಿತರೂ ಅದರ ಬೆನ್ನೆಲುಬಾದರು. ಇಷ್ಟೆಲ್ಲ ಆದ ಮೇಲೂ ಆ ಗ್ರಂಥ ಲ್ಯಾಟಿನ್ನಿನಲ್ಲೇ ಉಳಿದಿತ್ತು. ಕೇರಳದ ಸಸ್ಯವಿಜ್ಞಾನಿ ಕೆ. ಎಸ್. ಮಣಿಲಾಲ್ ದಶಕಗಳ ಕಾಲ ದುಡಿದು ಅದನ್ನು ಇಂಗ್ಲಿಷಿಗೆ, ಆಮೇಲೆ ಮಲಯಾಳಕ್ಕೆ ತಂದರು. 2025ರ ಜನವರಿ 1ರಂದು ಅವರು ತೀರಿಕೊಂಡರು. ತಮ್ಮ ಊರಿನ ಗಿಡಗಳ ಬಗ್ಗೆ ತಮ್ಮ ಊರಿನವರೇ ಹೇಳಿದ ಮಾತನ್ನು ಮಲಯಾಳಿಗಳು ತಮ್ಮ ಭಾಷೆಯಲ್ಲಿ ಓದಲು ಮುನ್ನೂರು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು.

ಹೂವಿನ ವಿಷಯಕ್ಕೆ ಬರೋಣ. ಒಂದು ಗೊಂಚಲನ್ನು ಹತ್ತಿರದಿಂದ ನೋಡಿ. ಒಂದೊಂದು ಹೂವೂ ಒಂದು ತೆಳ್ಳಗಿನ ಕೊಳವೆ, ಅದರ ತುದಿಯಲ್ಲಿ ನಾಲ್ಕು ದಳಗಳ ಶಿಲುಬೆ. ಕೊಳವೆ ಮೂರು ನಾಲ್ಕು ಸೆಂಟಿಮೀಟರ್ ಉದ್ದ. ಮಕರಂದವಿರುವುದು ಅದರ ತಳದಲ್ಲಿ. ಚಿಕ್ಕವರಿದ್ದಾಗ ಹೂವನ್ನು ಕಿತ್ತು, ನಡುವಿನ ಎಳೆಯನ್ನು ಮೆಲ್ಲನೆ ಜಗ್ಗಿ, ಆ ಒಂದು ಹನಿಯನ್ನು ನಾಲಗೆಗೆ ಮುಟ್ಟಿಸಿಕೊಂಡದ್ದು ನಿಮಗೆ ನೆನಪಿರಬೇಕು. ಕೊಳವೆ ಇಷ್ಟು ಕಿರಿದಾದ್ದರಿಂದ ನೊಣ, ಜೀರುಂಡೆಗಳಿಗೆ ಆ ಹನಿ ಸಿಕ್ಕುವುದಿಲ್ಲ. ಉದ್ದ ಸೊಂಡಿಲಿನ ಚಿಟ್ಟೆಗಳಿಗೆ ಸಿಕ್ಕುತ್ತದೆ. ಬಾಗಿದ ಕೊಕ್ಕಿನ ಸೂರಕ್ಕಿಯೂ ಬರುತ್ತದೆ. ಅದು ಒಮ್ಮೊಮ್ಮೆ ಬಾಗಿಲಲ್ಲಿ ಬಾರದೆ ಕೊಳವೆಯ ಬುಡವನ್ನೇ ಚುಚ್ಚಿ ಹೀರುವುದೂ ಉಂಟು!

ಹೂವಿನ ಒಳಗೆ ನಡೆಯುವ ಇನ್ನೊಂದು ಕೆಲಸ ಮಕ್ಕಳಿಗೆ ತೋರಿಸತಕ್ಕದ್ದು. ಮೊಗ್ಗು ಬಿರಿಯುವ ಮೊದಲೇ ಪರಾಗಕೋಶಗಳು ತಮ್ಮ ಪರಾಗವನ್ನು ನಡುವಿನ ಎಳೆಯ ತುದಿಗೆ ಮೆತ್ತಿಬಿಡುತ್ತವೆ. ಹೂವು ಅರಳಿದಾಗ ಆ ಎಳೆ ಸೂಜಿಯಂತೆ ಹೊರಕ್ಕೆ ಚಾಚಿಕೊಂಡಿರುತ್ತದೆ, ತುದಿಯಲ್ಲಿ ಪರಾಗ. ಮಕರಂದಕ್ಕೆ ಬಗ್ಗಿದ ಚಿಟ್ಟೆಯ ತಲೆಗೆ ಅದು ಅಂಟುತ್ತದೆ. ಪರಾಗವೆಲ್ಲ ಹೋದ ಮೇಲೆ ಅದೇ ಎಳೆಯ ತುದಿ ಎರಡಾಗಿ ಸೀಳಿ ತೆರೆದುಕೊಂಡು ಬೇರೆ ಹೂವಿನ ಪರಾಗವನ್ನು ಸ್ವೀಕರಿಸುತ್ತದೆ. ಮೊದಲು ಕೊಡುವುದು, ಆಮೇಲೆ ಪಡೆಯುವುದು. ಒಂದೇ ಗೊಂಚಲಿನಲ್ಲಿ ಎರಡೂ ಬಗೆಯ ಹೂಗಳು ಸಿಗುತ್ತವೆ. ಭೂತಗನ್ನಡಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಬರಿಗಣ್ಣಿಗೆ ಕಾಣುತ್ತದೆ.

ಮಳೆ ಬಿಟ್ಟ ಮೇಲೆ ಬಿಸಿಲೇರಿದ ಬೆಳಿಗ್ಗೆ ಒಂಬತ್ತು ಹತ್ತು ಗಂಟೆಗೆ ಹೂಬಿಟ್ಟ ಕೇಪಳದ ಹತ್ತಿರ ಅರ್ಧ ಗಂಟೆ ಸುಮ್ಮನೆ ನಿಂತರೆ ಸಾಕು. ಕಪ್ಪು ಮೈಗೆ ಕೆಂಪು ಚುಕ್ಕೆಯ ರೋಸ್ ಚಿಟ್ಟೆಗಳು, ಮಾರ್ಮನ್ ಚಿಟ್ಟೆಗಳು, ದೊಡ್ಡ ನೀಲಿ ಮಾರ್ಮನ್. ಅದೃಷ್ಟವಿದ್ದರೆ ಬರ್ಡ್‌ವಿಂಗ್ ಕೂಡ ಬರುತ್ತದೆ. ಅದು ಬಂದರೆ ಹಕ್ಕಿಯೇ ಬಂದಂತೆ. ಕಪ್ಪು ಮುಂದಿನ ರೆಕ್ಕೆ, ಹಿಂದಿನ ರೆಕ್ಕೆಯಲ್ಲಿ ಅಪ್ಪಟ ಚಿನ್ನದ ಹಳದಿ. ಈ ದಕ್ಷಿಣದ ಬರ್ಡ್‌ವಿಂಗ್ ಬಹುಕಾಲ ಭಾರತದ ಅತಿ ದೊಡ್ಡ ಚಿಟ್ಟೆ ಎನಿಸಿಕೊಂಡಿತ್ತು. 1932ರಲ್ಲಿ ಅಳೆದ ಒಂದರ ರೆಕ್ಕೆಯಗಲ 190 ಮಿಲಿಮೀಟರ್. 2020ರಲ್ಲಿ ಹಿಮಾಲಯದ ಗೋಲ್ಡನ್ ಬರ್ಡ್‌ವಿಂಗ್ ಹೆಣ್ಣೊಂದು 194 ಮಿಲಿಮೀಟರ್ ಎಂದು ವರದಿಯಾಗಿ ಆ ಪಟ್ಟ ಕೈತಪ್ಪಿತು. ನಾಲ್ಕು ಮಿಲಿಮೀಟರಿಗೆ ಸೋತದ್ದು, ಬೇಸರ ಬೇಡ. ಗಡಿಯಲ್ಲಿ ಬಾಳುವ ನಮಗೆ ರಾಜ್ಯ ಯಾವುದೆಂಬ ಪ್ರಶ್ನೆ ಆಗಾಗ ಎದುರಾಗುತ್ತದಷ್ಟೇ. ಬರ್ಡ್‌ವಿಂಗ್ ಕರ್ನಾಟಕದ ರಾಜ್ಯ ಚಿಟ್ಟೆ. ನೀಲಿ ಮಾರ್ಮನ್ ಮಹಾರಾಷ್ಟ್ರದ್ದು, 2015ರಲ್ಲಿ ಘೋಷಣೆಯಾಯಿತು. ಕೇರಳ 2018ರಲ್ಲಿ ಮಲಬಾರ್ ಬ್ಯಾಂಡೆಡ್ ಪೀಕಾಕ್ ಅನ್ನೂ, ತಮಿಳುನಾಡು 2019ರಲ್ಲಿ ತಮಿಳ್ ಯೋಮನ್ ಅನ್ನೂ ಆರಿಸಿಕೊಂಡವು. ಕರ್ನಾಟಕದ ಚಿಟ್ಟೆ, ಮಹಾರಾಷ್ಟ್ರದ ಚಿಟ್ಟೆ ಎರಡೂ ಕಾಸರಗೋಡಿನ ಒಂದೇ ಗೊಂಚಲಿಗೆ ಬರುತ್ತವೆ. ಗಡಿಯ ಗೊಡವೆ ಅವಕ್ಕಿಲ್ಲ.

ಆದರೆ ಒಂದು ಮಾತು. ಹೂವು ಎಂಬುದು ದೊಡ್ಡ ಚಿಟ್ಟೆಗೆ ಊಟದ ಮನೆ ಮಾತ್ರ, ಹೆರಿಗೆಯ ಮನೆ ಬೇರೆಯೇ. ಪ್ರತಿಯೊಂದು ಜಾತಿಯ ಚಿಟ್ಟೆಯೂ ತನ್ನ ಹುಳು ತಿನ್ನಬಲ್ಲ ಕೆಲವೇ ಗಿಡಗಳ ಮೇಲೆ ಮೊಟ್ಟೆಯಿಡುತ್ತದೆ. ಬರ್ಡ್‌ವಿಂಗ್‌ಗೆ, ರೋಸ್ ಚಿಟ್ಟೆಗಳಿಗೆ ಬೇಕಾದದ್ದು ಈಶ್ವರಬಳ್ಳಿಯ ಜಾತಿ. ಆ ಬಳ್ಳಿಯ ವಿಷವನ್ನು ಹುಳು ಮೈಗೂಡಿಸಿಕೊಳ್ಳುವುದರಿಂದ ಹಕ್ಕಿಗಳು ಈ ಚಿಟ್ಟೆಗಳ ತಂಟೆಗೆ ಹೋಗುವುದು ಕಡಿಮೆ. (ನಾಟಿ ಮದ್ದೆಂದು ಈ ಬಳ್ಳಿಯನ್ನು ಅರೆದು ಕುಡಿಯುವವರಿದ್ದಾರೆ. ದಯವಿಟ್ಟು ಬೇಡ. ಅದರ ಅರಿಸ್ಟೊಲೋಕಿಕ್ ಆಮ್ಲ ಮನುಷ್ಯನ ಮೂತ್ರಪಿಂಡಕ್ಕೆ ಹಾನಿಕರ ಎಂದು ಖಚಿತವಾಗಿದೆ.) ಕೇಪಳದ ಪಕ್ಕದಲ್ಲಿ ಒಂದು ಈಶ್ವರಬಳ್ಳಿ ಹಬ್ಬಿಸಿದರೆ ಊಟವೂ ತೊಟ್ಟಿಲೂ ಒಂದೇ ಕಡೆ ಆಯಿತು.

ಕೇಪಳದ ಎಲೆಯನ್ನೇ ತಿಂದು ಬೆಳೆಯುವ ಚಿಟ್ಟೆಯೂ ಒಂದಿದೆ. 'ಮಂಕಿ ಪಜಲ್' ಎಂದು ಹೆಸರು. ಉಗುರಿನಷ್ಟು ಪುಟ್ಟದು. ರೆಕ್ಕೆಯ ಕೆಳಬದಿಯಲ್ಲಿ ಗೀಚಿದಂತೆ ಬಿಳಿ, ಕಂದು ಗೆರೆಗಳು. ಹಿಂದೆ ಮೀಸೆಯಂಥ ಬಾಲಗಳು. ತಲೆ ಯಾವ ಕಡೆ, ಬಾಲ ಯಾವ ಕಡೆ ಎಂದು ನೋಡಿದವರಿಗೆ ಗೊಂದಲ. ಹಿಡಿಯಲು ಬಂದ ಹಕ್ಕಿ ಬಾಲವನ್ನೇ ತಲೆಯೆಂದು ಕುಕ್ಕಿದರೆ ಚಿಟ್ಟೆ ಬದುಕಿತು. ಅದರ ಹುಳುಗಳು ಎಳೆಯ ಎಲೆಗಳನ್ನು ತಿನ್ನುತ್ತವೆ. ಈಗ ನೋಡಿ, ನಮ್ಮ ತೊಂದರೆ ಇಲ್ಲೇ. ಚಿಟ್ಟೆ ಬೇಕು, ಆದರೆ ಎಲೆಯಲ್ಲಿ ತೂತು ಕಂಡ ಕೂಡಲೇ ಔಷಧ ಸಿಂಪಡಿಸುವ ಡಬ್ಬ ಹುಡುಕುತ್ತೇವೆ. ಹುಳು ಬೇಡದವರಿಗೆ ಚಿಟ್ಟೆ ಎಲ್ಲಿಂದ ಬರಬೇಕು? ನಾಲ್ಕು ಎಲೆ ತೂತಾದರೆ ಕೇಪಳ ಸಾಯುವುದಿಲ್ಲ.

ಹೂವು ಉದುರಿದ ಮೇಲೆ ಬಟಾಣಿ ಗಾತ್ರದ ಕಾಯಿ. ಮೊದಲು ಹಸಿರು, ಬಳಿಕ ಕೆಂಪು, ಪೂರ್ತಿ ಹಣ್ಣಾದಾಗ ಕಪ್ಪಿಗೆ ತಿರುಗಿದ ನೇರಳೆ. ತೆಳುವಾದ ಸಿಹಿ ತಿರುಳು, ಒಳಗೆ ಎರಡು ಬೀಜ. ಬೀಜ ನೋಡಿದರೆ ವಯನಾಡಿನ ನಮ್ಮ ಓದುಗರು ಕೂಡಲೇ ಗುರುತಿಸುವರು: ಒಂದು ಬದಿ ಉಬ್ಬು, ಒಂದು ಬದಿ ತಗ್ಗು, ಥೇಟ್ ಕಾಫಿ ಬೀಜದ ತಮ್ಮ. ಹೌದು, ಕೇಪಳ ಕಾಫಿಯ ಕುಟುಂಬಕ್ಕೇ ಸೇರಿದ್ದು. ಹಣ್ಣು ಪಿಕಳಾರಗಳಿಗೂ ಶಾಲೆ ಬಿಟ್ಟು ಬರುವ ಮಕ್ಕಳಿಗೂ ಪ್ರಿಯ. ಪಿಕಳಾರ ತಿಂದು ಎಲ್ಲೋ ಹಿಕ್ಕೆ ಹಾಕುತ್ತದೆ, ಅಲ್ಲೊಂದು ಗಿಡ ಹುಟ್ಟುತ್ತದೆ. ಗುಡ್ಡದಲ್ಲಿ ಕೇಪಳ ನೆಟ್ಟವರು ಯಾರೂ ಇಲ್ಲ, ಎಲ್ಲ ಹಕ್ಕಿಗಳದೇ ಕೃಷಿ.

ಕಳೆದ ವರ್ಷ ನಮ್ಮ ನೆರೆಯಲ್ಲಿ ನಡೆದದ್ದನ್ನು ಹೇಳಬೇಕು. ಒಂದು ಮನೆಯವರು ಹೊಸ ಕಂಪೌಂಡ್ ಗೋಡೆ ಕಟ್ಟಿಸಿದರು. ಮೊದಲು ಅಲ್ಲಿ ಮಣ್ಣಿನ ಅಗಳು, ಅದರ ಮೇಲೆ ಸಾಲಾಗಿ ಕೇಪಳ, ನಡುನಡುವೆ ಕುಂಟಾಲ, ನೆಕ್ಕರಿಕ. ಅಜ್ಜನ ಕಾಲದ್ದು. ಜೆಸಿಬಿ ಬಂದು ಅರ್ಧ ಗಂಟೆಯಲ್ಲಿ ಬುಡಸಮೇತ ಎತ್ತಿ ಹಾಕಿತು. ಗೋಡೆ ಎದ್ದಿತು, ಬಿಳಿ ಬಣ್ಣ ಬಳಿದರು. ಬರೀ ಗೋಡೆ ಬೋಳಾಗಿ ಕಂಡಿತಂತೆ, ನರ್ಸರಿಗೆ ಹೋಗಿ ಹನ್ನೆರಡು ಗಿಡ ತಂದು ಗೋಡೆಯ ಬುಡಕ್ಕೆ ಸಾಲಾಗಿ ನೆಟ್ಟರು. ಯಾವ ಗಿಡ? ಗಿಡ್ಡ ಇಕ್ಸೋರಾ! ಕೇಪಳವನ್ನು ಕಿತ್ತು, ಕೇಪಳದ ದೂರದ ನೆಂಟನನ್ನು ಹಣ ಕೊಟ್ಟು ತಂದರು.

ಆ ನೆಂಟನ ಮೇಲೆ ನಮಗೆ ಸಿಟ್ಟಿಲ್ಲ. ಹಳದಿ, ಗುಲಾಬಿ, ಕಿತ್ತಳೆ ಬಣ್ಣಗಳಲ್ಲಿ ಬರುತ್ತದೆ, ನೋಡಲು ಚೆಂದ. ಆದರೆ ಕಸಿ ಮಾಡಿ, ಕಡ್ಡಿಯಿಂದ ಕಡ್ಡಿ ಬೆಳೆಸಿದ ಈ ತಳಿಗಳಲ್ಲಿ ಹಣ್ಣು ಬಿಡುವುದು ಅಪರೂಪ. ಪಿಕಳಾರ ಬಂದರೆ ಬರಿಗೈಯಲ್ಲಿ ಹೋಗಬೇಕು. ಅವರ ಗಿಡಗಳು ಮೂರು ತಿಂಗಳಲ್ಲಿ ಹಳದಿಯಾದವು, ಎಲೆಯ ನರ ಮಾತ್ರ ಹಸಿರು. ಗೊಬ್ಬರ ಸಾಲದೆಂದು ಇನ್ನಷ್ಟು ಸುರಿದರು, ಪ್ರಯೋಜನವಾಗಲಿಲ್ಲ. ಕಾರಣ ಗೋಡೆ. ಇಕ್ಸೋರಾ ಜಾತಿಗೆ ಹುಳಿ ಮಣ್ಣು ಬೇಕು. ಸಿಮೆಂಟು, ಸುಣ್ಣದ ಚೂರು ಬಿದ್ದ ಮಣ್ಣು ಕ್ಷಾರವಾಗುತ್ತದೆ. ಅಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರು ಹೀರಲಾರದು. ಮನುಷ್ಯರಿಗೆ ರಕ್ತಹೀನತೆ ಬಂದ ಹಾಗೆ. ನಮ್ಮ ಮುರಕಲ್ಲಿನ ಮಣ್ಣು ಸಹಜವಾಗಿಯೇ ಹುಳಿ, ಕಬ್ಬಿಣವೂ ತುಂಬಿದೆ. ಅದಕ್ಕೇ ಗುಡ್ಡದ ಕೇಪಳಕ್ಕೆ ಯಾರೂ ಗೊಬ್ಬರ ಹಾಕದಿದ್ದರೂ ಎಲೆ ಕಡುಹಸಿರು.

ಒಂದು ಮನೆಯ ಗೋಡೆಯ ಕಥೆ ಇದು. ಸುತ್ತ ನೋಡಿದರೆ ಗುಡ್ಡಕ್ಕೆ ಗುಡ್ಡವೇ ಹೋಗುತ್ತಿದೆ. ಮುರಕಲ್ಲು ಕೋರೆಗಳು, ಸೈಟ್ ಮಾಡಲು ಸಮತಟ್ಟು ಮಾಡಿದ ಪಾರೆಗಳು, ಅಗಲವಾದ ರಸ್ತೆಗಳು. ಇವುಗಳಲ್ಲಿ ಬೇಕಾದ್ದೂ ಇದೆ. ಮನೆ ಕಟ್ಟಬೇಡಿ ಎಂದು ಯಾರಿಗೂ ಹೇಳಲಾಗದು. ಆದರೆ ಬೇಲಿಯ ಕೇಪಳ ಗುಡ್ಡದ ಕೇಪಳಕ್ಕೆ ಬದಲಿಯಾಗಬೇಕಾದ ಕಾಲ ಬಂದಿದೆ. ನಮ್ಮಲ್ಲಿ ಮೊಂತಿ ಹಬ್ಬದ ನೊವೇನದ ಒಂಬತ್ತು ದಿನ ಮಕ್ಕಳು ಬುಟ್ಟಿ ಹಿಡಿದು ಗುಡ್ಡ ಸುತ್ತಿ ಸಿಕ್ಕಿದ ಹೂಗಳನ್ನು ಕಿತ್ತು ಮರಿಯಮ್ಮನವರಿಗೆ ತರುತ್ತಿದ್ದರು. ಯಾವ ಗಿಡ ಎಲ್ಲಿದೆ, ಯಾವುದು ಯಾವಾಗ ಹೂ ಬಿಡುತ್ತದೆ ಎಂಬುದು ಆ ಒಂಬತ್ತು ದಿನಗಳಲ್ಲಿ ಪಾಠವಿಲ್ಲದೆ ತಲೆಗೆ ಹೋಗುತ್ತಿತ್ತು. ಈಗ ಹಲವು ಮಕ್ಕಳ ಬುಟ್ಟಿಯಲ್ಲಿ ಅಂಗಡಿಯಿಂದ ತಂದ ಸೇವಂತಿಗೆಯ ಬಿಡಿ ಹೂಗಳು. ಮಕ್ಕಳನ್ನು ಅಂದು ಫಲವಿಲ್ಲ, ಕೀಳಲು ಹೂವಿನ ಗುಡ್ಡ ಇರಬೇಕಲ್ಲ? ಕೆಲವು ಮಕ್ಕಳಿಗೆ ಚೆತ್ತಿ ಎಂದರೆ ಗೊತ್ತು, ಇಕ್ಸೋರಾ ಎಂದರೆ ಗೊತ್ತು, ಕೇಪಳ ಎಂದರೆ ಮುಖ ನೋಡುತ್ತಾರೆ. ಚೆತ್ತಿ ಎನ್ನಲಿ, ಅದು ನೆರೆಯವರ ಭಾಷೆ, ಒಳ್ಳೆಯ ಹೆಸರು. ಜೊತೆಗೆ ಅಜ್ಜಿ ಹೇಳುತ್ತಿದ್ದ ಹೆಸರೂ ಇರಲಿ ಎಂಬುದಷ್ಟೇ ನಮ್ಮ ಆಸೆ.

ಔಷಧ ಸಿಂಪಡಿಸುವ ಮಾತು ಮೇಲೆ ಬಂತು. ಈ ವಿಷಯದಲ್ಲಿ ಕಾಸರಗೋಡಿನವರಿಗೆ ಹೊರಗಿನವರು ಪಾಠ ಹೇಳಬೇಕಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಗುಡ್ಡದ ಮೇಲೆ ಸುರಿದದ್ದು ಗಾಳಿಯಲ್ಲಿ ಹಾರಿ, ತೋಡಿನಲ್ಲಿ ಇಳಿದು, ಮನೆ ಬಾವಿಗಳನ್ನು ಸೇರಿತು. ಪಡ್ರೆ, ಎಣ್ಮಕಜೆ ಕಡೆಯ ಮನೆಗಳಲ್ಲಿ ಹುಟ್ಟಿದ ಮಕ್ಕಳ ಸಂಕಟ ನಾವೆಲ್ಲ ಕಂಡದ್ದು. ಮನುಷ್ಯರಿಗೆ ತಿಳಿಯುವ ಮೊದಲು ಅಲ್ಲಿನ ಹಿರಿಯರ ಗಮನಕ್ಕೆ ಬಂದದ್ದು ಜೇನುಪೆಟ್ಟಿಗೆಗಳು ಖಾಲಿಯಾದದ್ದು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಾದ್ಯಂತ ಅದನ್ನು ತಡೆಯಿತು. ಅದೇ ವರ್ಷ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳೂ ಅದನ್ನು ತೊಡೆದುಹಾಕುವ ಪಟ್ಟಿಗೆ ಸೇರಿಸಿದವು. ಆ ತಾಯಂದಿರ ಹೋರಾಟ ಅಷ್ಟಕ್ಕೇ ಮುಗಿಯಲಿಲ್ಲ. ಇದನ್ನು ಕಂಡ ಊರಿನವರು ನಾವು ಅಂಗಳದ ಹೂಗಿಡಕ್ಕೆ, ಅದೂ ಮಕ್ಕಳು ಹೂ ಹೀರುವ, ಹಣ್ಣು ತಿನ್ನುವ ಗಿಡಕ್ಕೆ, ವಿಷ ಹೊಡೆಯುವ ಮೊದಲು ಎರಡು ಸಲ ಯೋಚಿಸಬೇಕಲ್ಲವೇ? ಕೇಪಳಕ್ಕೆ ಬರುವ ಬಿಳಿ ಹಿಟ್ಟಿನಂಥ ತಿಗಣೆ, ಶಲ್ಕ ಕೀಟ, ಅದರ ಹಿಂದೆ ಬರುವ ಕಪ್ಪು ಬೂಷ್ಟು, ಇವುಗಳಿಗೆ ನೀರು ರಭಸವಾಗಿ ಹಾಯಿಸಿದರೆ ಅರ್ಧ ಹೋಗುತ್ತದೆ. ಉಳಿದದ್ದಕ್ಕೆ ತೆಳುವಾದ ಸಾಬೂನು ನೀರು ಬಟ್ಟೆಯಲ್ಲಿ ಅದ್ದಿ ಒರೆಸಿದರೆ ಸಾಕು.

ಇನ್ನು ಹಾವಿನ ಪ್ರಶ್ನೆ. ಪೊದೆ ಬೆಳೆಸಿ ಎಂದಾಗಲೆಲ್ಲ ಮೊದಲು ಬರುವ ಆಕ್ಷೇಪ ಇದೇ, ಅದನ್ನು ನಗೆಯಾಡಿ ತಳ್ಳಿಹಾಕುವುದು ಸರಿಯಲ್ಲ. ಹಾವು ಹೂವಿಗೆ ಬರುವುದಿಲ್ಲ. ಇಲಿಗೆ, ಕಪ್ಪೆಗೆ ಬರುತ್ತದೆ. ತೆಂಗಿನ ಗರಿ, ಹಳೇ ಹೆಂಚು, ಇಟ್ಟಿಗೆಯ ರಾಶಿ, ಚೆಲ್ಲಿದ ಅನ್ನ, ಇವು ಇಲಿಯನ್ನು ಕರೆಯುತ್ತವೆ. ಕೇಪಳವನ್ನು ಬಾಗಿಲು, ಕಿಟಕಿ, ಬಚ್ಚಲಿನ ಹತ್ತಿರ ನೆಡಬೇಡಿ, ಹತ್ತು ಹದಿನೈದು ಅಡಿ ದೂರದಲ್ಲಿ ಬೇಲಿಯ ಅಂಚಿಗೆ ನೆಡಿ. ನೆಲದಿಂದ ಒಂದು ಅಡಿಯವರೆಗಿನ ಕೊಂಬೆಗಳನ್ನು ತೆಗೆದು ಬುಡ ಕಾಣುವಂತೆ ಇಡಿ. ಮುಸ್ಸಂಜೆಯ ಮೇಲೆ ಪೊದೆಗೆ ಕೈ ಹಾಕಿ ಹೂ ಕೀಳಬಾರದೆಂದು ಮಕ್ಕಳಿಗೆ ಹೇಳಿ. ಇಷ್ಟು ಮಾಡಿದರೆ ಕೇಪಳದಿಂದ ಹೆಚ್ಚುವರಿ ಅಪಾಯವಿಲ್ಲ. ಹಕ್ಕಿಗಳಿಗೆ ನೀರಿಡುವವರು ತಟ್ಟೆಯ ನೀರನ್ನು ದಿನವೂ ಚೆಲ್ಲಿ ಬದಲಿಸಬೇಕು. ಡೆಂಗಿ ಸೊಳ್ಳೆಗೆ ಪುಣ್ಯ ಮಾಡುವುದು ನಮ್ಮ ಉದ್ದೇಶವಲ್ಲ.

ನೆಡುವುದು ಕಷ್ಟವೇನಲ್ಲ, ಆದರೆ ತಾಳ್ಮೆ ಬೇಕು. ಗುಡ್ಡದಿಂದ ಬೆಳೆದ ಗಿಡವನ್ನು ಕಿತ್ತು ತರಬೇಡಿ. ಗಟ್ಟಿ ನೆಲದಲ್ಲಿ ಇಳಿದ ಬೇರು ತುಂಡಾಗಿ ಹೆಚ್ಚಿನವು ಸಾಯುತ್ತವೆ, ಗುಡ್ಡಕ್ಕೂ ನಷ್ಟ. ಕಪ್ಪಾದ ಹಣ್ಣು ತಂದು ತಿರುಳು ತೊಳೆದು ಒಣಗಲು ಬಿಡದೆ ಅರೆನೆರಳಿನಲ್ಲಿ ಬಿತ್ತಿ, ಮೊಳಕೆ ನಿಧಾನ. ಬೇಗ ಬೇಕಾದವರು ಮಳೆಗಾಲದ ಆರಂಭದಲ್ಲಿ ಪೆನ್ಸಿಲಿನಷ್ಟು ದಪ್ಪದ, ಅರೆಬಲಿತ ಕಡ್ಡಿಯನ್ನು ಒಂದು ಗೇಣು ಉದ್ದಕ್ಕೆ ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಮರಳು ಬೆರೆಸಿದ ಮಣ್ಣಿನಲ್ಲಿ ನೆಟ್ಟು ನೆರಳಿನಲ್ಲಿ ಇಡಲಿ. ಹತ್ತರಲ್ಲಿ ಎಲ್ಲವೂ ಚಿಗುರುವುದಿಲ್ಲ, ಹಾಗಾಗಿ ಬೇಕಾದ್ದಕ್ಕಿಂತ ಹೆಚ್ಚೇ ನೆಡಿ. ನೆಲಕ್ಕೆ ಇಳಿಸುವಾಗ ಅರ್ಧ ದಿನವಾದರೂ ಬಿಸಿಲು ಬೀಳುವ ಜಾಗ ಆರಿಸಿ. ತೀರ ನೆರಳಾದರೆ ಎಲೆ ಮಾತ್ರ. ಗೋಡೆಯಿಂದ ಮೂರು ನಾಲ್ಕು ಅಡಿ ದೂರವಿರಲಿ. ತರಗೆಲೆ, ಹಳೆಯ ಹಟ್ಟಿಗೊಬ್ಬರ ಸಾಕು. ಒಲೆಯ ಬೂದಿಯನ್ನು ಎಲ್ಲ ಗಿಡಗಳ ಬುಡಕ್ಕೂ ಸುರಿಯುವ ಅಭ್ಯಾಸ ನಮ್ಮಲ್ಲಿದೆ. ತೆಂಗಿಗೆ ಹಾಕಿ, ಕೇಪಳಕ್ಕೆ ಬೇಡ, ಬೂದಿಯೂ ಕ್ಷಾರವೇ.

ಕತ್ತರಿಯ ಬಗ್ಗೆ ಒಂದು ಎಚ್ಚರಿಕೆ. ಹೂಗೊಂಚಲು ಬರುವುದು ಕೊಂಬೆಯ ತುದಿಯಲ್ಲಿ. ತಿಂಗಳಿಗೊಮ್ಮೆ ಪೆಟ್ಟಿಗೆಯಂತೆ ಚಚ್ಚೌಕ ಕತ್ತರಿಸಿದರೆ ಹೂವು ಬರಬೇಕಾದ ತುದಿಗಳೆಲ್ಲ ಕಸದ ಬುಟ್ಟಿಗೆ. ಕೆಲವು ಕಚೇರಿಗಳ ಮುಂದೆ ಇಂಥ ಹಸಿರು ಪೆಟ್ಟಿಗೆಗಳನ್ನು ನೀವು ನೋಡಿರಬಹುದು. ವರ್ಷಕ್ಕೊಮ್ಮೆ, ಹಣ್ಣು ಮುಗಿದು ಮಳೆ ಹಿಡಿಯುವ ಹೊತ್ತಿಗೆ ಹದವಾಗಿ ಸವರಿ, ಉಳಿದ ಕಾಲ ಅದರ ಪಾಡಿಗೆ ಬಿಡಿ. ತಾನಾಗಿ ಆಳೆತ್ತರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೆಳೆಯುತ್ತದೆ. ಬಾಡಿದ ಗೊಂಚಲನ್ನು ಅಚ್ಚುಕಟ್ಟಿಗೆಂದು ಕೂಡಲೇ ಕತ್ತರಿಸಿದರೆ ಹಕ್ಕಿಗಳ ಹಣ್ಣು ಹೋಯಿತು.

ಕರಾವಳಿ ಮತ್ತು ವಯನಾಡು ಬಿಟ್ಟು ಬೇರೆ ಕಡೆಯ ಓದುಗರು ನಮ್ಮ ಮಾತು ಕೇಳಿ ಕೇಪಳಕ್ಕಾಗಿ ಪರದಾಡಬೇಕಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಎರೆಮಣ್ಣು ಕ್ಷಾರದ್ದು, ಅಲ್ಲಿ ಅದು ಹಳದಿಯಾಗಿ ಕೊರಗೀತು. ಅಲ್ಲಿಗೂ, ಆದವಾನಿ, ರಾಯದುರ್ಗ, ಮಡಕಶಿರದ ಒಣನೆಲಕ್ಕೂ ಹೇಳಿ ಮಾಡಿಸಿದ್ದು ತಂಗಡಿ, ಅಂದರೆ ಆವರಿಕೆ. ತೆಲಂಗಾಣದವರು ಇದನ್ನೇ ತಮ್ಮ ರಾಜ್ಯಪುಷ್ಪ ಮಾಡಿಕೊಂಡಿದ್ದಾರೆ. ಬಂಗಾರದ ಹೂವು, ನೀರು ಕೇಳದು, ದನ ಮೇಯುವುದು ಕಡಿಮೆ. ಅದರ ಎಲೆಯ ಮೇಲೆ ಎಮಿಗ್ರಂಟ್ ಎಂಬ ತಿಳಿಬಣ್ಣದ ಚಿಟ್ಟೆ ಮೊಟ್ಟೆಯಿಡುತ್ತದೆ. ಬೇಲಿಗೆ ಮುಳ್ಳೂ ಬೇಕು, ಹಣ್ಣೂ ಬೇಕು ಎನ್ನುವವರಿಗೆ ಕವಳಿ ಇದೆ. ನೀಲಗಿರಿಯ ಮೇಲ್ಭಾಗದ ಹಿಮಕ್ಕೆ ಕೇಪಳ ತಡೆಯದು. ಆದರೆ ಲಂಟಾನವನ್ನು ಮಾತ್ರ ಯಾರೂ ಅಂಗಳಕ್ಕೆ ಕರೆಯಬೇಡಿ. ಅದಕ್ಕೆ ಚಿಟ್ಟೆ ಬರುತ್ತದೆ, ನಿಜ. ಆದರೆ ಎರಡು ಶತಮಾನದ ಹಿಂದೆ ಚಂದಕ್ಕೆಂದು ಹೊರದೇಶದಿಂದ ತಂದ ಆ ಗಿಡ ಇವತ್ತು ಬಂಡೀಪುರ, ಮುದುಮಲೆಯ ಕಾಡಿನ ನೆಲವನ್ನೇ ನುಂಗಿದೆ. ವಯನಾಡಿನ ಓದುಗರಿಗೆ ಮಂಜಕೊನ್ನ ಎಂಬ ಹಳದಿ ಹೂವಿನ ಮರದ ಹಾವಳಿ ಗೊತ್ತಿದೆ. ಅದನ್ನು ತಂದದ್ದೂ ಚಂದಕ್ಕೇ.

ಕೊನೆಗೆ ಅಡುಗೆಮನೆಗೂ ಒಂದು ಪಾಲು. ಕೇಪಳದ ತಂಬುಳಿ ಮಾಡದ ಮನೆಯವರು ಒಮ್ಮೆ ಮಾಡಿ ನೋಡಬೇಕು. ಒಂದು ಹಿಡಿ ಹೂವನ್ನು ತೊಟ್ಟು ಬಿಡಿಸಿ ತೊಳೆಯಿರಿ. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಹೂವನ್ನೂ ಹಾಕಿ ಬಾಡುವವರೆಗೆ ತಿರುವಿ. ಆರಿದ ಮೇಲೆ ಕಾಲು ಕಪ್ಪು ತೆಂಗಿನ ತುರಿಯೊಂದಿಗೆ ನುಣ್ಣಗೆ ಅರೆದು, ಎರಡು ಕಪ್ಪು ಮಜ್ಜಿಗೆ, ಉಪ್ಪು ಸೇರಿಸಿ, ಸಾಸಿವೆ ಒಗ್ಗರಣೆ ಕೊಡಿ. ಕುದಿಸುವುದು ಬೇಡ. ಬೇಸಗೆಯ ಮಧ್ಯಾಹ್ನ ಬಿಸಿ ಅನ್ನಕ್ಕೆ ಹಿತವಾಗಿರುತ್ತದೆ. ನಿಮ್ಮ ಮನೆಯ ಗಿಡದ, ಔಷಧ ಹೊಡೆಯದ ಹೂವನ್ನೇ ಬಳಸಿ. ರಸ್ತೆ ಬದಿಯದೂ ನರ್ಸರಿಯ ಕುಂಡದ್ದೂ ಅಡುಗೆಗೆ ಬೇಡ. ಗೊಂಚಲನ್ನು ಪೂರ್ತಿ ಬೋಳು ಮಾಡದೆ ನಾಲ್ಕಾರು ಹೂ ಬಿಟ್ಟು ಕೀಳಿ, ಒಂಬತ್ತು ಗಂಟೆಗೆ ಬರುವವರಿದ್ದಾರೆ.